ಗಾಡಿ ಹೊಡೆದಾಕಿ ನಾನು

ಕಾಗದ ಬಂದದ್ದು ಸೋಮವಾರ ಮಧ್ಯಾಹ್ನ, ಸುಹಾಸಿನಿ ಇನ್ನೇನು ಊಟಕ್ಕೆ ಕೂಡಬೇಕು ಅನ್ನುವಾಗ. ವಿಮಾ ಕಂಪನಿಯ ಹುಬ್ಬಳ್ಳಿ ಆಫೀಸಿನದು. ನಿಂತಲ್ಲೇ ಒಡೆದು ಓದಿದಳು, ಓದಿ ತಾನೇ ಎಲ್ಲೋ ತಪ್ಪಿದೆ ಅಂದುಕೊಂಡಳು. ಮೂವತ್ತೆರಡು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿದಾಕೆ, "ಪ್ರಶ್ನೆ ಎರಡು ಸಲ ಓದ್ರಿ" ಎಂದು ಹೇಳಿ ಹೇಳಿ ನಾಲಿಗೆ ಸವೆಸಿಕೊಂಡಾಕೆ. ಹಾಗಾಗಿ ಎರಡನೇ ಸಲ ಓದಿದಳು. ಅದರಲ್ಲಿ ಬರೆದದ್ದು ಬರೆದ ಹಾಗೇ ಇತ್ತು.

"ಅಪಘಾತದ ವೇಳೆ ವಾಹನವನ್ನು ತಾವು ಚಲಾಯಿಸುತ್ತಿರಲಿಲ್ಲ. ಚಾಲನಾ ಪರವಾನಗಿ ಇಲ್ಲದ ತಮ್ಮ ಪತಿ ಚಲಾಯಿಸುತ್ತಿದ್ದರೆಂದು ಪ್ರತ್ಯಕ್ಷ ಸಾಕ್ಷಿಯಿಂದ ತಿಳಿದುಬಂದಿದೆ. ಸುಳ್ಳು ಮಾಹಿತಿ ನೀಡಿರುವ ಕಾರಣ ತಮ್ಮ ಕ್ಲೇಮನ್ನು ತಿರಸ್ಕರಿಸಲಾಗಿದೆ."

ಹೆಡ್‌ಲೈಟು, ಬಂಪರು, ಬಾನೆಟ್ಟಿನ ಮೂತಿ, ಇಷ್ಟರ ಖರ್ಚು ಪೆನ್ಶನ್ನಿನಲ್ಲಿ ಹೇಗೋ ನೀಗುತ್ತಿತ್ತು. ಅದಲ್ಲ ಮಾತು. ಸುಳ್ಳು ಅಂದರಲ್ಲ! ಅದೂ ಯಾವ ವಿಷಯಕ್ಕೆ? ತಾನು ಗಾಡಿ ಹೊಡೆದೆ ಎಂಬುದಕ್ಕೆ. ರಿಟೈರಾದ ಮರುತಿಂಗಳು ಡ್ರೈವಿಂಗ್ ಸ್ಕೂಲಿಗೆ ಹೆಸರು ಹಚ್ಚಿದಾಗ ಮಾಳಮಡ್ಡಿಯ ಓಣಿಗೆ ಓಣಿಯೇ ಬಾಯಿಗೆ ಸೆರಗು ಹಿಡಿದು ನಕ್ಕಿತ್ತು. ಈ ವಯಸ್ಸಿಗೆ ಜಪಮಣಿ ಹಿಡಿಯುವುದು ಬಿಟ್ಟು ಸ್ಟೇರಿಂಗ್ ಹಿಡಿಯುತ್ತಾಳಂತೆ ಎಂದು. ಸುಹಾಸಿನಿ ಮೊದಲ ಸಲಕ್ಕೇ ಪರೀಕ್ಷೆ ಪಾಸಾದಳು. ಗ್ರಾಚ್ಯುಟಿ ದುಡ್ಡಿನಲ್ಲಿ ಸಣ್ಣದೊಂದು ಹಸಿರು ಕಾರು ಕೊಂಡಳು. ಅಪ್ಪ ಕಲಿಸದ, ಗಂಡ ಕಲಿಸದ, ಸಾಲೆಯಲ್ಲಿ ಕಲಿಯದ, ತಾನೇ ಹಠ ಹಿಡಿದು ಕಲಿತ ವಿದ್ಯೆ ಅದೊಂದೇ. ಅದನ್ನು ಒಂದು ಹಾಳೆ ಕಾಗದದಲ್ಲಿ ಎತ್ತಿ ಗಂಡನ ಉಡಿಗೆ ಹಾಕಿದ್ದರು.

ಊಟದ ತಾಟು ಹಾಗೇ ಉಳಿಯಿತು.

ನಡೆದದ್ದು ಇಷ್ಟೇ. ಮೂರು ವಾರದ ಹಿಂದೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮೈದುನನ ಮಗಳು ಋತುಜಾಳ ಚೊಚ್ಚಲ ಬಸುರಿನ ಕುಬಸವಿತ್ತು. ಗಂಡ ಹೆಂಡತಿ ಇಬ್ಬರೂ ಹೊರಟಿದ್ದರು. ಸತ್ತೂರ ಆಸ್ಪತ್ರೆ ದಾಟಿ ಸ್ವಲ್ಪ ಮುಂದೆ, ಮುಂದಿದ್ದ ಹತ್ತಿಕಾಳಿನ ಟೆಂಪೋ ನಾಯಿ ಅಡ್ಡ ಬಂತೆಂದು ಗಕ್ಕನೆ ನಿಂತಿತು. ಸುಹಾಸಿನಿಯೂ ಬ್ರೇಕು ತುಳಿದಳು, ಆದರೆ ಚೂರು ತಡವಾಯಿತು. ಟೆಂಪೋದ ಹಿಂದಿನ ಕಬ್ಬಿಣದ ಪಟ್ಟಿಗೆ ಕಾರಿನ ಮೂತಿ ಬಡಿಯಿತು. ಯಾರಿಗೂ ಒಂದು ತರಚು ಗಾಯ ಕೂಡ ಆಗಲಿಲ್ಲ. ನಾಯಿಯಂತೂ ಹಿಂದೆ ತಿರುಗಿ ನೋಡದೆ ಹೋಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಸುಹಾಸಿನಿಯ ಗಂಡ ರಮಾಕಾಂತ ಯುನಿವರ್ಸಿಟಿಯಲ್ಲಿ ಆಫೀಸ್ ಸುಪರಿಂಟೆಂಡೆಂಟ್ ಆಗಿದ್ದವನು. ಆರಡಿ ಎತ್ತರ, ಇಸ್ತ್ರಿ ಮುರಿಯದ ಅಂಗಿ. ತಾನು ಬರೆದ ಫೈಲಿನಲ್ಲಿ ಒಂದು ಸಾಲು ಸುಳ್ಳಿಲ್ಲ ಎಂಬುದು ಅವನ ಜನ್ಮದ ಹೆಮ್ಮೆ. ನಾಲ್ಕು ವರ್ಷದ ಹಿಂದೆ ಅವನ ಕಣ್ಣಿನ ನರಕ್ಕೆ ಏನೋ ಆಗಿ, ಡಾಕ್ಟರು ಇನ್ನು ಗಾಡಿ ಮುಟ್ಟಬೇಡಿ ಅಂದರು. ಲೈಸನ್ಸು ಮುಗಿಯಿತು, ಮತ್ತೆ ಸಿಗಲಿಲ್ಲ. ಇದು ಮನೆಯೊಳಗಿನ ಸುದ್ದಿಯಾಗಿಯೇ ಉಳಿಯಿತು. ಮದುವೆಗೋ ಮುಂಜಿವೆಗೋ ಹೋದಾಗ ಸುಹಾಸಿನಿ ಗಾಡಿ ನಿಲ್ಲಿಸಿ, ಚಾವಿ ತೆಗೆದು, ಇಳಿಯುವ ಮೊದಲೇ ಅವನ ಕೈಗೆ ಕೊಡುತ್ತಿದ್ದಳು. ಅವನು ಕೇಳಿದ್ದಿಲ್ಲ, ಇವಳೂ ಯಾಕೆ ಅಂದುಕೊಂಡದ್ದಿಲ್ಲ. ಅವನು ಚಾವಿಯನ್ನು ಬೆರಳಲ್ಲಿ ತಿರುಗಿಸುತ್ತ ಮುಂದೆ, ಇವಳು ಉಡಿ ತುಂಬುವ ಸಾಮಾನಿನ ಚೀಲ ಹೊತ್ತು ಹಿಂದೆ. ನೋಡಿದವರು ಏನು ತಿಳಿಯಬೇಕೋ ಅದನ್ನೇ ತಿಳಿಯುತ್ತಿದ್ದರು.

ಅವತ್ತು ಸತ್ತೂರಿನಲ್ಲೂ ಕೈ ತನ್ನ ರೂಢಿ ಬಿಡಲಿಲ್ಲ. ಗಾಡಿ ಬಂದ್ ಮಾಡಿ ಚಾವಿ ಅವನ ಕೈಗಿಟ್ಟಳು. ಅವನು ಇಳಿದು ಹೋದ. ಬರಿಗಾಲಲ್ಲಿ ಗಾಡಿ ಹೊಡೆಯುವ ಅಭ್ಯಾಸದವಳು ಇವಳು, ಚಪ್ಪಲಿ ಸೀಟಿನ ಕೆಳಗೆ ಎಲ್ಲೋ ಸರಿದುಬಿಟ್ಟಿದ್ದವು. ಅವನ್ನು ಹುಡುಕಿ, ಮೆಟ್ಟಿ, ಇಳಿದು ಬರುವಷ್ಟರಲ್ಲಿ ನೆರೆದ ಮಂದಿ ಚದುರಿತ್ತು. "ಏನೂ ಆಗಿಲ್ಲ, ನಡಿ" ಅಂದಿದ್ದ ರಮಾಕಾಂತ.

ಕಂಪನಿ ಕಳಿಸಿದ ಸರ್ವೇಯರ್, ಅಂದರೆ ಹಾನಿ ಎಷ್ಟಾಗಿದೆ ಎಂದು ನೋಡಿ ಬರೆಯುವವ, ವಿನೀತ ಅಂತ. ಸುಹಾಸಿನಿ ಅವನಿಗೆ ಫೋನು ಮಾಡಿ, ಯಾವ ಸಾಕ್ಷಿ, ತೋರಿಸು ಅಂದಳು. ಅವನು ಒಲ್ಲದ ಮನಸ್ಸಿನಿಂದ ಒಂದು ಹಾಳೆಯ ಫೋಟೋ ಕಳಿಸಿದ. "ಗಾಡಿ ಯಜಮಾನರು ಹೊಡೆಯುತ್ತಿದ್ದರು. ಬಾಯಾರು ಬಾಜೂಕ ಕುಂತಿದ್ದರು." ಕೆಳಗೆ ಟೆಂಪೋದ ಮಾಲೀಕನ ಸಹಿ: ಶಂಭುಲಿಂಗ, ಹತ್ತಿ ಮತ್ತು ಕಾಳಿನ ವ್ಯಾಪಾರಿ, ಅಮರಗೋಳ ಮಾರ್ಕೆಟ್.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಸೀದಾ ಅಮರಗೋಳಕ್ಕೆ ಹೋದಳು. ದಾರಿಯುದ್ದಕ್ಕೂ ಆ ಮನುಷ್ಯನಿಗೆ ಬೈಯುವ ಮಾತುಗಳನ್ನು ಒಂದರ ಮೇಲೊಂದು ಅಡಕಿಟ್ಟುಕೊಂಡಿದ್ದಳು. ಆದರೆ ಹಣೆ ತುಂಬ ವಿಭೂತಿ ಹಚ್ಚಿದ ಶಂಭುಲಿಂಗ ಇವಳನ್ನು ಕಂಡವನೇ ಗಾದಿಯಿಂದ ಎದ್ದು ನಿಂತ.

"ಬರ್ರಿ ಅಕ್ಕಾರ, ಕುಂದರ್ರಿ. ಮಜ್ಜಿಗಿ ತರಸ್ಲಿ?"

"ಮಜ್ಜಿಗಿ ಇರ್ಲಿ. ಅವತ್ತ ಸತ್ತೂರದಾಗ ಗಾಡಿ ಯಾರು ಹೊಡೀಲಿಕ್ಕತ್ತಿದ್ರು, ಅಷ್ಟು ಹೇಳ್ರಿ ನನಗ."

"ನೀವರಿ" ಅಂದ ಅವನು, ಸಲೀಸಾಗಿ. "ನಾ ಇಳದು ಬಂದಾಗ ನೀವು ಸ್ಟೇರಿಂಗ್ ಮುಂದ ಬಗ್ಗಿ ಚಪ್ಲಿ ಹುಡಕಾಕತ್ತಿದ್ರಿ."

ಸುಹಾಸಿನಿಗೆ ಅಡಕಿಟ್ಟ ಬೈಗಳೆಲ್ಲ ಮರೆತುಹೋದವು. "ಮತ್ತ ಕಾಗದದಾಗ ಹಿಂಗ್ಯಾಕ ಬರದು ಕೊಟ್ರಿ?"

"ಮಂದಿ ಕೂಡಿತ್ರಿ ಅಕ್ಕಾರ. ಯಾರರ ಪೊಲೀಸ್ರಿಗೆ ಫೋನ್ ಮಾಡಿದ್ರಂದ್ರ ಹೆಣಮಗಳ ಹೆಸರು ಠಾಣೆ ಕಾಗದದಾಗ ಬರತೈತಿ, ಇವತ್ತ ಬಾ, ನಾಳಿ ಬಾ ಅಂತಾರ. ನಮ್ಮ ಮನಿ ಹೆಣಮಕ್ಕಳಿಗೆ ಹಂಗಾಗಾಕ ಬಿಡ್ತೇವೇನ್ರಿ ನಾವು? ಅದಕ್ಕ, ಸಾಹೇಬ್ರು ಹೊಡಿಯಾಕತ್ತಿದ್ರು ಅಂತ ಹೇಳೂಣು ಅಂದೆ. ಚಾವೀನೂ ಅವರ ಕೈಯಾಗ ಇತ್ತಲ್ರಿ. ಆಮ್ಯಾಲೆ ಆ ಸರ್ವೇದವ ಬಂದು ಕೇಳಿದಾಗ ಅದನ್ನ ಬರದ ಕೊಟ್ಟೆ."

"ಯಾರ ಮುಂದ ಅಂದ್ರಿ? ಹೇಳೂಣು ಅಂತ?"

"ಸಾಹೇಬ್ರ ಮುಂದರಿ. ಅವರನ್ನ ಕೇಳೇ ಹೇಳೀನಿ. ತಲಿ ಆಡಿಸಿದ್ರಲ್ಲ."

ಸುಹಾಸಿನಿ ಗಾದಿಯ ಅಂಚಿಗೆ ಕೂತುಬಿಟ್ಟಳು. ಎದುರಿಗಿದ್ದವನ ಮೇಲೆ ಸಿಟ್ಟು ಮಾಡುವುದಕ್ಕೂ ಬರುವಂತಿರಲಿಲ್ಲ. ಹೆಣ್ಣಿನ ಮಾನ ಕಾಯುತ್ತೇನೆಂದು ಹೊರಟು ಅವಳನ್ನು ಸುಳ್ಳಿಯನ್ನಾಗಿ ಮಾಡಿ ಕೂಡಿಸಿದ್ದ ಪುಣ್ಯಾತ್ಮ, ಅದೂ ಎಳ್ಳಷ್ಟೂ ಕಪಟವಿಲ್ಲದೆ. ಖರೇ ಏನೋ ಅದನ್ನು ಈಗ ಬರೆದು ಕೊಡ್ರಿ ಅಂದಳು. ಶಂಭುಲಿಂಗ ಕೈ ಮುಗಿದ.

"ಈ ಕಟ್ಟೀ ಮ್ಯಾಲೆ ಮೂವತ್ತ ವರ್ಷ ಬಾಯಿಮಾತಿನ ಮ್ಯಾಲೆ ವ್ಯಾಪಾರ ಮಾಡೀನ್ರಿ ಅಕ್ಕಾರ. ಒಬ್ಬರಿಗೆ ಕೊಟ್ಟ ಮಾತು, ಅವರ ಬಿಡಬೇಕು, ನಾ ಮುರಿಯಂಗಿಲ್ಲ. ಸಾಹೇಬ್ರು ನನ್ನ ಮುಂದ ನಿಂತು ಬಿಟ್ಟೇನಿ ಅನ್ಲಿ. ಅವತ್ತ, ನೀವು ಎಲ್ಲಿ ಅಂತೀರಿ ಅಲ್ಲಿ ಸಹಿ ಮಾಡ್ತೇನಿ."

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಲಕಮನಹಳ್ಳಿಗೆ ಬರ್ರಿ, ನನ್ನ ಕಾರು ನಿಂತ ಫಕ್ರುಸಾಬನ ಗ್ಯಾರೇಜಿಗೆ ಎಂದು ಹೇಳಿ ಎದ್ದಳು. ಗುರುವಾರ ಅಲ್ಲಿ ಏನು ಮಾಡಬೇಕು ಎಂಬುದು ಅವಳಿಗೇ ಇನ್ನೂ ಪೂರಾ ಹೊಳೆದಿರಲಿಲ್ಲ. ದಿನ ಮಾತ್ರ ಗೊತ್ತುಮಾಡಿಬಿಟ್ಟಳು.

ಮನೆಗೆ ಬಂದಾಗ ರಮಾಕಾಂತ ತೂಗುಮಂಚದ ಮೇಲೆ ಪೇಪರನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದ.

"ಅಮರಗೋಳಕ್ಕ ಹೋಗಿದ್ದೆ" ಅಂದಳು, ಅಷ್ಟೇ.

"ನಾ ಅವಗ ಏನೂ ಹೇಳಿಲ್ಲ" ಅಂದ ಅವನು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಇಲ್ಲಿ ಕುಂಬಳಕಾಯಿ ಅನ್ನುವ ಮೊದಲೇ ಕೈ ಹೆಗಲ ಮೇಲಿತ್ತು. ಸುಹಾಸಿನಿ ಚಪ್ಪಲಿಯನ್ನೂ ಬಿಡದೆ ಅವನ ಎದುರು ನಿಂತಳು.

"ಹೇಳಿಲ್ಲ. ತಲಿ ಆಡಿಸೀರಿ."

ತೂಗುಮಂಚ ನಿಂತಿತು. ಅವನು ಪೇಪರಿನ ಅಂಚು ಮಡಿಚಿದ, ಬಿಚ್ಚಿದ. "ಅಂವಾ ಅಂದ, ನನ್ನ ತಲಿ ಆಡ್ತು. ಅಷ್ಟಕ್ಕ ಇಷ್ಟೆಲ್ಲಾ ಆಗ್ತದ ಅಂತ ಯಾರಿಗೆ ಗೊತ್ತಿತ್ತು? ಬಿಟ್ಟಬಿಡು ಸುಹಾಸಿನಿ. ರಿಪೇರಿ ಖರ್ಚ ನಾ ಕೊಡ್ತೇನಿ."

"ಖರ್ಚ ಕೇಳಿಲ್ಲ ನಾ. ನನ್ನ ಸುಳ್ಳಿ ಅಂದಾರ. ಬರದು, ಸಿಕ್ಕಾ ಹಾಕಿ ಕಳಸ್ಯಾರ. ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ."

"ಮತ್ತ ನಾ ಏನ್ ಮಾಡ್ಲಿ? ಕಣ್ಣು ಹೋಗ್ಯಾವ, ಲೈಸನ್ಸ್ ಇಲ್ಲ, ಹೆಂಡ್ತಿ ಹೊಡಿತಾಳ, ನಾ ಬಾಜೂಕ ಕೂಡ್ತೇನಿ ಅಂತ ನಾಕ ಮಂದ್ಯಾಗ ಡಂಗುರಾ ಹೊಡೀಲೇನು?"

ಅವಳಿಗೆ ಕರುಳು ಚುರುಕ್ ಅಂದದ್ದು ಸುಳ್ಳಲ್ಲ. ನಲವತ್ತು ವರ್ಷ ಜೊತೆಗೆ ಬಾಳಿದ ಮನುಷ್ಯ. ಕಣ್ಣು ಮಂಜಾದವನ ಸಂಕಟ ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಅದಕ್ಕಾಗಿಯೇ ಅಲ್ಲವೇ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಚಾವಿ ಕೊಟ್ಟದ್ದು? ಆದರೆ ಕನಿಕರ ಪಟ್ಟು ಪಟ್ಟು ಎಲ್ಲಿಗೆ ಬಂದು ನಿಂತೆ ಎಂಬುದು ಈಗ ಕಣ್ಣಿಗೆ ಹೊಡೆದು ಕಾಣುತ್ತಿತ್ತು.

"ಚಾವಿ ಕೊಟ್ಟೇನಿ, ಖರೇ. ಅದು ನನ್ನ ತಪ್ಪು. ಗಾಡಿ ಕೊಟ್ಟಿಲ್ಲ" ಅಂದಳು. "ಗುರುವಾರ ಲಕಮನಹಳ್ಳಿಗೆ ಹೊಂಟೇನಿ. ಬರೂದು ಬಿಡೂದು ನಿಮಗ ಬಿಟ್ಟದ್ದು."

ಅಂದೇ ಸಂಜೆ ಕಂಪನಿಗೆ ದೂರು ಬರೆದು, ಅದರ ಫೋಟೋ ತೆಗೆದು ಫೋನಿನಲ್ಲೇ ಕಳಿಸಿದಳು. ವಾಹನವನ್ನು ನನ್ನ ಎದುರಿನಲ್ಲೇ ಮತ್ತೆ ತಪಾಸಣೆ ಮಾಡಬೇಕು, ಗುರುವಾರ ಬರದಿದ್ದರೆ ಮುಂದಿನ ಮಾತು ಗ್ರಾಹಕರ ಕೋರ್ಟಿನಲ್ಲಿ, ಎಂದು. ಅಕ್ಷರ ದುಂಡಗಿದ್ದವು, ಮಾತು ಮಾತ್ರ ಚೂಪಾಗಿದ್ದವು. ಬರುತ್ತೇವೆ ಎಂದು ಬುಧವಾರವೇ ಆಫೀಸಿನಿಂದ ಫೋನು ಬಂತು.

ಗುರುವಾರ ಗ್ಯಾರೇಜಿನ ಅಂಗಳದಲ್ಲಿ ಹಸಿರು ಕಾರು ಮೂಗು ಮುರಿದುಕೊಂಡು ನಿಂತಿತ್ತು. ಕಂಪನಿಯ ಮ್ಯಾನೇಜರ್ ಪೂನಮ್, ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಫೈಲು ಹಿಡಿದು ಬಂದಿದ್ದಳು. ಜೊತೆಗೆ ವಿನೀತ. ಶಂಭುಲಿಂಗ ಗೇಟಿನ ಹತ್ತಿರ ಸ್ಕೂಟರಿಗೆ ಒರಗಿ ನಿಂತಿದ್ದ, ಬಾಯಿಗೆ ಬೀಗ. ಎಲ್ಲರಿಗಿಂತ ಹಿಂದೆ, ಆಟೋದಿಂದ ರಮಾಕಾಂತ ಇಳಿದ. ಬರುತ್ತಾನೆ ಎಂದು ಸುಹಾಸಿನಿ ನಂಬಿರಲಿಲ್ಲ. ಬಂದವನು ಯಾರನ್ನೂ ನೋಡದೆ ಬೇವಿನ ಗಿಡದ ನೆರಳಿಗೆ ಹೋಗಿ ನಿಂತ.

ಸುಹಾಸಿನಿ ವಿನೀತನಿಂದ ಅವನದೇ ಫೋಟೋ ಕೇಳಿ ಇಸಿದುಕೊಂಡಳು. ಅಪಘಾತದ ಮರುದಿನ ಕಿಲೋಮೀಟರು ನೋಡಲು ಕಾರಿನ ಒಳಗೆ ತೆಗೆದದ್ದು. ಡ್ರೈವರನ ಸೀಟು ಪೂರಾ ಮುಂದಕ್ಕೆ ಸರಿದಿತ್ತು. ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಕೌದಿ, ಹಳೆಯ ಇಳಕಲ್ ಸೀರೆಯ ತುಂಡುಗಳದ್ದು. ಗಿಡ್ಡ ಆಳು ಸುಹಾಸಿನಿ, ಆ ಕೌದಿ ಇಲ್ಲದೆ ಅವಳಿಗೆ ಬಾನೆಟ್ಟಿನ ಆಚೆಯ ರಸ್ತೆ ಕಾಣುವುದಿಲ್ಲ.

"ಫಕ್ರುಸಾಬ, ಸೀಟ್ ಮುಟ್ಟೀರೇನು?"

"ಇಲ್ರೀ ಅಕ್ಕೋರ. ನೀವು ತಂದು ಬಿಟ್ಟಂಗ ಐತಿ. ಕಂಪನಿ ಹೂಂ ಅನ್ನೂತನ ನಾ ಒಂದ ಬೋಲ್ಟನೂ ಬಿಚ್ಚಿಲ್ಲ."

ಸುಹಾಸಿನಿ ಬೇವಿನ ಗಿಡದ ಕಡೆ ತಿರುಗಿದಳು. "ಬರ್ರಿಲ್ಲೆ. ಒಳಗ ಕೂಡ್ರಿ."

ರಮಾಕಾಂತ ಬಂದ. ಬಾಗಿದ, ಒಂದು ಕಾಲು ತೂರಿಸಿದ, ತಲೆ ಮೇಲಕ್ಕೆ ಬಡಿಯಿತು. ಇನ್ನೊಂದು ಕಾಲನ್ನು ಕೈಯಿಂದ ಎತ್ತಿ ಒಳಗೆ ಎಳೆದುಕೊಂಡ. ಮೊಳಕಾಲು ಎರಡೂ ಸ್ಟೇರಿಂಗಿಗೆ ಸಿಕ್ಕಿ, ಗದ್ದ ಎದೆಗೆ ಹತ್ತಿ, ಕಾಲು ಬ್ರೇಕಿಗೂ ತಲುಪದೆ ಕ್ಲಚ್ಚಿಗೂ ತಲುಪದೆ ಕೂತ.

"ಒಂಟೀನ ಬುಟ್ಟ್ಯಾಗ ಕುಂದ್ರಿಸಿದಂಗಾತ್ರಿ" ಅಂದ ಫಕ್ರುಸಾಬ. ಯಾರೂ ನಗಲಿಲ್ಲ, ವಿನೀತನೊಬ್ಬನನ್ನು ಬಿಟ್ಟು.

"ನೋಡ್ರಿ" ಅಂದಳು ಸುಹಾಸಿನಿ. "ಹಿಂಗ ಕೂತು ಮಾಳಮಡ್ಡಿಯಿಂದ ಸತ್ತೂರತನ ಗಾಡಿ ಹೊಡೀಲಿಕ್ಕೆ ಬರ್ತದೇನು?"

ಪೂನಮ್ ಫೋಟೋ ನೋಡಿದಳು, ಸೀಟು ನೋಡಿದಳು. ಹುಡುಗಿ ದಡ್ಡಿಯಾಗಿರಲಿಲ್ಲ, ಅದೇ ತೊಂದರೆ. "ಮೇಡಂ, ಇದರಿಂದ ಗಾಡಿ ಗ್ಯಾರೇಜಿಗೆ ತಂದವರು ನೀವು ಅಂತ ಗೊತ್ತಾಗ್ತದ. ಸತ್ತೂರದಾಗ ಹೊಡೀತಿದ್ದವರು ನೀವ ಅಂತ ಆಗೂದಿಲ್ಲ. ಆಮ್ಯಾಲೆ ಸೀಟು ಸರಿಸಿರಬಹುದಲ್ರಿ? ನನ್ನ ಕಡೆ ಇರೂದು ಒಂದ ಸಾಕ್ಷಿ, ಅದೂ ನಿಮ್ಮ ವಿರುದ್ಧ."

ಸುಹಾಸಿನಿ ಸೀಟನ್ನು ಮತ್ತೊಮ್ಮೆ ನೋಡಿದಳು. ಲೆಕ್ಕದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿತ್ತು. ಬೇರೆ ಯಾರೇ ಹೀಗೆ ತೋರಿಸಿದ್ದರೂ ಅವಳೇ ಅರ್ಧ ಮಾರ್ಕು ಕಡಿಮೆ ಕೊಡುತ್ತಿದ್ದಳು.

ಪೂನಮ್ ದನಿ ಇಳಿಸಿ, "ನಿಮ್ಮ ವಯಸ್ಸು ನೋಡಿ ಒಂದು ದಾರಿ ಹೇಳ್ತೀನಿ. ಅರ್ಧ ಕ್ಲೇಮ್ ಪಾಸ್ ಮಾಡಸ್ತೀನಿ. ಗಾಡಿ ಯಾರು ಹೊಡೀತಿದ್ರು ಅನ್ನೂ ವಿಷಯಾ ಎತ್ತೂದಿಲ್ಲ ಅಂತ ಇದಕ್ಕೊಂದು ಸಹಿ ಹಾಕಿಬಿಡ್ರಿ" ಎಂದು ಹಾಳೆ ಮುಂದೆ ಚಾಚಿದಳು. ಹೇಳಿದ ರೀತಿಯಲ್ಲಿ ಕಪಟವಿರಲಿಲ್ಲ.

"ಅರ್ಧ" ಅಂದಳು ಸುಹಾಸಿನಿ. "ಅರ್ಧ ದಾರಿ ನಾ ಹೊಡದೆ, ಅರ್ಧ ಇವರು ಹೊಡದ್ರು ಅಂತೇನು?"

"ಹಂಗಲ್ರಿ ಮೇಡಂ, ತಂಟೆ ಮುಗೀತದ..."

"ತಂಟೆ ಮುಗಿಸ್ಲಿಕ್ಕೆ ಬಂದಿಲ್ಲ ನಾ. ನಿಮ್ಮ ರೊಕ್ಕ ಒಂದ ಪೈಸಾ ಕೊಡಬ್ಯಾಡ್ರಿ, ನಡೀತದ. ಆದ್ರ ಆ ಕಾಗದದಾಗ ಸುಳ್ಳು ಅಂತ ಬರದೀರಲ್ಲ, ಅದನ್ನ ಹೊಡದ ಹಾಕ್ರಿ. ಗಾಡಿ ನಂದು. ಲೈಸನ್ಸ್ ನಂದು. ಬ್ರೇಕ್ ಹಾಕಲಿಕ್ಕೆ ತಡಾ ಮಾಡಿದ್ದೂ ನಾನ. ಬಡದಾಕಿ ನಾನು ಅಂತ ನಾನ ಹೇಳಲಿಕ್ಕತ್ತೇನಿ, ಅದನ್ನೂ ನಂಬೂದಿಲ್ಲೇನು ನೀವು? ತಪ್ಪ ಮಾಡಿದ ಹೆಸರರ ನನಗ ಇರ್ಲಿ. ಕೋರ್ಟಿಗೆ ಹೋಗ್ತೇನಿ, ಐದು ವರ್ಷ ಆಗ್ಲಿ, ಹತ್ತು ವರ್ಷ ಆಗ್ಲಿ. ಪೆನ್ಶನ್ ಬರ್ತದ, ಹೊತ್ತೂ ಅದ."

ಅಳು ಬಂದರೆ ಎಲ್ಲ ಕೆಟ್ಟಿತು ಎಂದು ಹಲ್ಲು ಕಚ್ಚಿ ನಿಂತಳು.

"ಒಂದು ಹಾಳಿ ಕೊಡ್ರಿ" ಎಂಬ ಮಾತು ಕೇಳಿಬಂತು.

ಕಾರಿನ ಒಳಗಿನಿಂದ. ರಮಾಕಾಂತ ಅಲ್ಲೇ ಸಿಕ್ಕಿಬಿದ್ದಿದ್ದ. ಇಳಿಸಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ಪೂನಮ್ ಬಿಳಿ ಹಾಳೆಯನ್ನು ತನ್ನ ಫೈಲಿನ ಮೇಲಿಟ್ಟು ಕಿಟಕಿಯಿಂದ ಕೊಟ್ಟಳು. ಅವನು ಫೈಲನ್ನು ಸ್ಟೇರಿಂಗಿಗೆ ಆನಿಸಿ, ಜೇಬಿನಿಂದ ಪೆನ್ನು ತೆಗೆದು, ಮೂಗನ್ನು ಹಾಳೆಯ ಹತ್ತಿರ ತಂದು ಬರೆಯತೊಡಗಿದ. ನಾಲ್ಕು ವರ್ಷದ ಮೇಲೆ ಆ ಜಾಗದಲ್ಲಿ ಕೂತದ್ದು ಅದೇ ಮೊದಲು. ಬರೆದು, ಕೆಳಗೆ ತಾರೀಖು ಹಾಕಿ, ಆಫೀಸಿನಲ್ಲಿ ಓದುವ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದ.

"ಅಪಘಾತದ ವೇಳೆ ವಾಹನ ಚಲಾಯಿಸುತ್ತಿದ್ದವರು ನನ್ನ ಪತ್ನಿ ಸುಹಾಸಿನಿ. ನಾನು ಅವರ ಎಡಕ್ಕೆ ಕುಳಿತಿದ್ದೆ. ಕಣ್ಣಿನ ದೋಷದಿಂದ ನಾನು ನಾಲ್ಕು ವರ್ಷಗಳಿಂದ ವಾಹನ ಚಲಾಯಿಸಿಲ್ಲ, ನನಗೆ ಪರವಾನಗಿ ಇಲ್ಲ. ನಾನು ಚಲಾಯಿಸುತ್ತಿದ್ದೆನೆಂದು ಸಾಕ್ಷಿದಾರರು ಹೇಳಲು ನನ್ನ ಒಪ್ಪಿಗೆ ಕೇಳಿದಾಗ ತಲೆ ಆಡಿಸಿದೆ. ಆ ಸುಳ್ಳು ನನ್ನದು. ನನ್ನ ಪತ್ನಿಯದಲ್ಲ."

ಆಮೇಲೆ ಗೇಟಿನ ಕಡೆ ಕತ್ತು ಚಾಚಿ, "ಶಂಭುಲಿಂಗಪ್ಪಾರ, ನಿಮ್ಮ ಮಾತು ನಾ ಬಿಟ್ಟೇನ್ರಿ" ಅಂದ.

"ಮನಸ್ಸು ಹಗುರಾತ್ರಿ ಸಾಹೇಬ್ರ" ಎಂದು ಶಂಭುಲಿಂಗ ಸ್ಕೂಟರು ಬಿಟ್ಟು ಬಂದ. ಕಂಡದ್ದನ್ನೆಲ್ಲ ಚಪ್ಪಲಿ ಸಮೇತ ಬರೆಸಿ ಸಹಿ ಹಾಕಿದ. ಪೂನಮ್ ಎರಡೂ ಹಾಳೆ ಫೈಲಿಗೆ ಸೇರಿಸಿ, ಪೂರ್ತಿ ಕ್ಲೇಮ್ ಪಾಸಾಗುತ್ತದೆ, ಚಿಂತೆ ಬೇಡ ಅಂದಳು.

"ಸುಳ್ಳು ಅಂದದ್ದು ತಪ್ಪಾಗ್ಯದ ಅಂತ ಕಾಗದಾನೂ ಬರ್ಲಿ" ಅಂದಳು ಸುಹಾಸಿನಿ. ಪೂನಮ್ ಒಂದು ಗಳಿಗೆ ಅವಳ ಮುಖ ನೋಡಿ, ಆಗಲಿ ಎಂದು ತಲೆಯಾಡಿಸಿದಳು. "ತಲಿ ಆಡಿಸಿದ್ರ ಆಗೂದಿಲ್ಲವ್ವಾ, ಬಾಯ್ಲೆ ಹೇಳು" ಅಂದಳು ಇವಳು. ಪೂನಮ್ ಬಾಯಿಂದಲೇ ಹೇಳಿದಳು.

ಕಾಗದ ಎಂಟು ದಿನಕ್ಕೆ ಬಂತು. ಅದನ್ನೂ ಎರಡು ಸಲ ಓದಿದಳು. ಗಾಡಿ ತಯಾರಾಗಲು ಇನ್ನೊಂದು ವಾರ ಹಿಡಿಯಿತು.

ಗಾಡಿ ತರಲು ಇಬ್ಬರೂ ಹೋದರು. ಗ್ಯಾರೇಜಿನಲ್ಲಿ ಐದಾರು ಗಿರಾಕಿಗಳು, ಅದರಲ್ಲಿ ಒಬ್ಬ ಯುನಿವರ್ಸಿಟಿಯ ಹಳೆಯ ಸಹೋದ್ಯೋಗಿ ಚನ್ನಯ್ಯನೂ ಇದ್ದ. ಫಕ್ರುಸಾಬ ಕೈ ಒರೆಸಿಕೊಳ್ಳುತ್ತ ಬಂದು, ಸುಹಾಸಿನಿಯನ್ನು ದಾಟಿ ಹೋಗಿ, ಚಾವಿಯನ್ನು ರಮಾಕಾಂತನ ಮುಂದೆ ಹಿಡಿದ. ಅಷ್ಟೆಲ್ಲ ಕಣ್ಣಾರೆ ನೋಡಿದ ಫಕ್ರುಸಾಬನೂ. ರೂಢಿ ಅಂದರೆ ಹಾಗೆ. ಸುಹಾಸಿನಿ ನಿಂತು ನೋಡಿದಳು.

ರಮಾಕಾಂತ ಚಾವಿ ನೋಡಿದ, ಚನ್ನಯ್ಯನನ್ನು ನೋಡಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನನಗ್ಯಾಕ ಕೊಡ್ತೀ ಫಕ್ರುಸಾಬ? ಗಾಡಿ ಹೊಡಿಯಾಕಿ ಅಕಿ."

ಸುಹಾಸಿನಿ ಚಾವಿ ಇಸಿದುಕೊಂಡಳು. ಕೌದಿ ಝಾಡಿಸಿ ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಕಿದಳು, ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿಸಿದಳು. ಅವನು ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದು ಕೂತ.

"ಬೆಲ್ಟ್ ಹಾಕ್ಕೋರಿ" ಎಂದು ಗಾಡಿ ಚಾಲೂ ಮಾಡಿದಳು.